ಮೂಕಜೀವಿಯ ಹಸಿವು

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಎತ್ತು, ಹಸು, ಆಳುಕಾಳುಗಳ ಪ್ರಸಂಗದಲ್ಲಿ ಇವನ್ನು ವಿವರಿಸುವುದು ರೂಢಿ. ಮನೆಯ ಗಾಜಿನ ತೊಟ್ಟಿಗೂ ಇವು ಅನ್ವಯಿಸುತ್ತವೆ.

ಕಡಲು ಘಟ್ಟದ ಆಚೆಗಿದ್ದರೂ ದಾವಣಗೆರೆಯ ಆವರಗೆರೆಯಂತಹ ಒಳನಾಡಿನಲ್ಲಿಯೂ ನೀರಿಗೆ ಲವಣಮಿಶ್ರಣ ಬೆರೆಸಿ ಕಡಲಜೀವಿಗಳನ್ನು ಸಾಕಬಹುದು. ಹೊಸ ತೊಟ್ಟಿಯಲ್ಲಿ ವಿಷಕರ ಅಮೋನಿಯವನ್ನು ಪರಿವರ್ತಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಮೊದಲು ಕಂದು ಪದರ, ಅನಂತರ ಹಸಿರು ಪಾಚಿ ಗಾಜನ್ನು ಮುಸುಕುತ್ತದೆ. ಇದನ್ನು ತಿನ್ನಲೆಂದು ಕಡಲ ಬಸವನಹುಳುಗಳನ್ನೂ ಖಾಲಿ ಚಿಪ್ಪಿನಲ್ಲಿ ವಾಸಿಸುವ ಏಡಿಗಳನ್ನೂ ತಂದು ಬಿಡುವುದುಂಟು.

ಕೊಲ್ಲುವ ಸಂಕಲ್ಪವಿಲ್ಲ, ತಿನ್ನಲು ಪಾಚಿಯಿದೆ. ದೋಷವೆಲ್ಲಿ ಎಂದು ಸಾಕುವವರು ಕೇಳಬಹುದು. ಪಾಚಿ ಮೂಡುವ ಮುನ್ನ ತಂದರೆ, ಇಲ್ಲವೇ ಇದ್ದ ಪಾಚಿಗೆ ಮೀರಿದಷ್ಟು ಬಾಯಿಗಳನ್ನು ತಂದರೆ, ಗಾಜು ಹೊಳೆಯುತ್ತದೆ. ಹುಳು ಹಸಿವಿನಿಂದ ಸಾಯುತ್ತದೆ. ಚಿಪ್ಪು ಬೇಕಾದ ಏಡಿಯೂ ಅದನ್ನು ಕೊಲ್ಲಬಲ್ಲದು. ಶಂಖಾದಿಗಳು ದ್ವೀಂದ್ರಿಯ ಜೀವಿಗಳು: ಸ್ಪರ್ಶನವೊಂದು, ರಸನೆಯಿನ್ನೊಂದು. ಅಂತಹ ಜೀವಕ್ಕೆ ಅನ್ನವನ್ನು ತಡೆಯುವುದೆಂದರೆ ಅದರ ಅರ್ಧ ಲೋಕವನ್ನೇ ಕಸಿದಂತೆ. ಅದು ಕೂಗದು ಎಂಬ ಕಾರಣಕ್ಕೆ ಪ್ರಮಾದವು ಕ್ಷಮ್ಯವಾಗದು.

ತರದಿರುವುದೇ ಶ್ರಾವಕನಿಗೆ ಶ್ರೇಯಸ್ಕರ. ಬಂಧದ ಅತಿಚಾರವೂ ಅಲ್ಲಿಗೇ ತಪ್ಪುತ್ತದೆ. ಈಗಾಗಲೇ ತಂದವರು ಪಾಚಿ ತೀರಿದಾಗ ಒಣಗಿದ ಕಡಲಪಾಚಿಯನ್ನಾದರೂ ಒದಗಿಸಬೇಕು, ಮತ್ತೆ ತರುವುದನ್ನು ನಿಲ್ಲಿಸಬೇಕು. ಪಾಚಿಯೂ ಏಕೇಂದ್ರಿಯ ಜೀವವೇ. ಗಾಜು ಒರೆಸುವಲ್ಲಿಯೂ ಹಿಂಸೆಯುಂಟು. ಆದರೆ ಅದನ್ನು ಗೃಹಸ್ಥನು ತನ್ನ ಕೈಯಿಂದ, ಅರಿತು, ಮಿತವಾಗಿ ಮಾಡುತ್ತಾನೆ. ತನ್ನ ಮನೆಯ ಶುಚಿತ್ವದ ಭಾರವನ್ನು ಇನ್ನೊಂದು ಜೀವದ ಹಸಿವಿನ ಮೇಲೆ ಹೊರಿಸುವುದಿಲ್ಲ.