ಆದ್ದರಿಂದ ಎಂಬ ಮಾತು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವರು ನಾವು. ಮಾತು ಬಲ್ಲವಳ ವಿಷಯ ಮಾತ್ರ ಬೇರೆ. ಹೆಂಗಸು ಎದುರು ಮಾತಾಡಿದರೆ ಅದು ವಾದವಾಗುವುದಿಲ್ಲ, ಜಗಳವೇ ಆಗುತ್ತದೆ. ಹೀಗಾಗಿ ನಮ್ಮಲ್ಲಿ ಅನೇಕರಿಗೆ ಎರಡೇ ದಾರಿ ಗೊತ್ತು: ಸುಮ್ಮನೆ ತಲೆಯಾಡಿಸುವುದು, ಇಲ್ಲವೇ ಸಿಡಿದೇಳುವುದು. ಮೂರನೆಯದೊಂದಿದೆ. ಎದುರಿನವರು ಹೇಳುತ್ತಿರುವುದೇನು, ಅದಕ್ಕೆ ಕೊಡುವ ಕಾರಣವೇನು, ಆ ಕಾರಣದಿಂದ ಈ ತೀರ್ಮಾನ ನಿಜಕ್ಕೂ ಹೊರಡುತ್ತದೆಯೇ ಎಂದು ಬಿಡಿಸಿ ನೋಡುವುದು. ಅವರೆಕಾಯಿ ಸುಲಿಯುತ್ತಾ ಹುಳುಕು ಕಾಳನ್ನು ಬೇರೆ ಮಾಡುವ ನಮಗೆ ಇದು ಆಗದ ಕೆಲಸವೇನಲ್ಲ.

ನಮ್ಮ ಜಯನಗರದಲ್ಲೇ ಒಂದು ದೊಡ್ಡ ವಾದ ನಡೆಯಿತು. 2009ರಲ್ಲಿ ‘ನಮ್ಮ ಮೆಟ್ರೊ’ಗಾಗಿ ನಂದಾ ಟಾಕೀಸ್ ರಸ್ತೆಯ ಮರಗಳನ್ನು ಕಡಿಯಲು ಹೊರಟಾಗ ಜನ ಬೀದಿಗಿಳಿದು ಪ್ರತಿಭಟಿಸಿದರು. ಹಾಲಿನ ಬೂತಿನ ಮುಂದೆ, ತರಕಾರಿ ಅಂಗಡಿಯಲ್ಲಿ ಅದೇ ಮಾತು. ‘ಊರು ಬೆಳೆದಿದೆ, ರಸ್ತೆ ಸಾಲದು, ಆದ್ದರಿಂದ ಮರ ಹೋಗಲೇಬೇಕು’ ಎಂದರು ಕೆಲವರು. ‘ಈ ನೆರಳು ಮತ್ತೆ ಬರುವುದಿಲ್ಲ, ಆದ್ದರಿಂದ ರೈಲೇ ಬೇಡ’ ಎಂದರು ಇನ್ನು ಕೆಲವರು. ಎರಡು ಕಡೆಯ ಕಾರಣಗಳೂ ನಿಜವೇ. ತೊಡಕಿದ್ದದ್ದು ಆ ‘ಆದ್ದರಿಂದ’ದಲ್ಲಿ. ರೈಲು ಬರಲು ಇದೊಂದೇ ದಾರಿ ಎಂಬ ಮಾತು ಅದರೊಳಗೆ ಅಡಗಿ ಕೂತಿತ್ತು. ಅದು ನಿಜವೇ? ನೆಲದಡಿಯಲ್ಲಿ ಹೋದರೆ ಖರ್ಚೆಷ್ಟು? ಬೇರೆ ರಸ್ತೆಯಲ್ಲಿ ಹೋದರೆ ಯಾರ ಮನೆ ಹೋಗುತ್ತದೆ? ಕೇಳಬೇಕಾದದ್ದು ಇದು. ನಮ್ಮ ಬೀದಿಯಲ್ಲಿ ಹೆಚ್ಚು ಕೇಳಿಬಂದದ್ದು, ‘ಅವರಿಗೇನು, ಮನೆಯಲ್ಲಿ ಕಾರಿದೆ’ ಎಂಬ ಮಾತು. ಕಾರಿದ್ದವರ ಮಾತು ಸುಳ್ಳೇ ಆಗಬೇಕೆಂದಿಲ್ಲವಲ್ಲ!

2017ರ ಜೂನ್‌ನಲ್ಲಿ ರೈಲು ಯಲಚೇನಹಳ್ಳಿಯವರೆಗೆ ಬಂತು. ಮಂಡಿನೋವಿನ ನನ್ನಂಥವರು ಮಲ್ಲೇಶ್ವರದ ನೆಂಟರ ಮನೆಗೆ ಸುಖವಾಗಿ ಹೋಗಿಬರುತ್ತೇವೆ. ‘ನೋಡಿದಿರಾ, ಈಗ ನೀವೂ ಹತ್ತುತ್ತೀರಿ, ಆದ್ದರಿಂದ ಅಂದು ಮಾಡಿದ್ದೇ ಸರಿ’ ಎನ್ನುತ್ತಾರೆ. ಮತ್ತೊಂದು ‘ಆದ್ದರಿಂದ’! ರೈಲು ಬೇಕಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಮರ ಉಳಿಸಿಕೊಂಡು ರೈಲು ತರಲು ಆಗುತ್ತಲೇ ಇರಲಿಲ್ಲ ಎಂಬುದು ತಿಳಿಯುವುದಿಲ್ಲ.

ಇದೇನೂ ಹೊಸ ವಿದ್ಯೆಯಲ್ಲ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಮೊದಲು ಎದುರಾಳಿಯ ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ಎದುರಾಳಿಯ ಮಾತನ್ನು ಸರಿಯಾಗಿ ಹೇಳಲು ಬಾರದವನಿಗೆ ಅದನ್ನು ಖಂಡಿಸುವ ಅಧಿಕಾರವೆಲ್ಲಿ? ಶಂಕರಾಚಾರ್ಯರಿಗೂ ಮಂಡನಮಿಶ್ರರಿಗೂ ವಾದ ನಡೆದಾಗ ತೀರ್ಪು ಹೇಳಲು ಕೂತವಳು ಮಂಡನರ ಹೆಂಡತಿ ಉಭಯಭಾರತಿ ಎಂದು ಕಥೆ. ಇಬ್ಬರ ಕೊರಳಿಗೂ ಹೂಮಾಲೆ ಹಾಕಿ, ಯಾರದು ಬಾಡಿತೋ ಅವರು ಸೋತಂತೆ ಎಂದಳಂತೆ. ಬಾಡಿದ್ದು ಗಂಡನ ಮಾಲೆ. ಇದ್ದದ್ದನ್ನು ಇದ್ದಂತೆಯೇ ಹೇಳಿದಳು. ವಾದ ಓದುವುದರಲ್ಲಿ ಕಷ್ಟವಾದದ್ದು ಇದೇ: ನಮ್ಮವರ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗುವುದು.

ಮರ, ರೈಲು, ಪುರಾಣದ ಮಾತು ಹಾಗಿರಲಿ. ನಮ್ಮ ಮನೆಗಳ ನಡುಮನೆಯಲ್ಲೇ ದಿನಕ್ಕೆಷ್ಟು ‘ಆದ್ದರಿಂದ’ಗಳು! ‘ಹೆಣ್ಣು ಹುಡುಗಿ, ಕಾಲ ಕೆಟ್ಟಿದೆ, ಆದ್ದರಿಂದ ದೂರದ ಕಾಲೇಜು ಬೇಡ.’ ಹೇಳುವವರ ಪ್ರೀತಿ ನಿಜ, ಭಯವೂ ನಿಜ. ಆದರೆ ಹತ್ತಿರದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಕಾಲ ಒಳ್ಳೆಯದಾಗಿದೆಯೇ? ಅದೇ ಊರಿಗೆ ಮದುವೆ ಮಾಡಿ ಕಳಿಸುವಾಗ ಈ ದೂರ ಯಾಕೆ ಅಡ್ಡ ಬರುವುದಿಲ್ಲ? ದನಿ ಏರಿಸದೆ ಇಷ್ಟು ಕೇಳಿದರೆ ಅದು ಎದುರುತ್ತರವಲ್ಲ. ಕೇಳದೆ ಬಿಟ್ಟರೆ ಹೋಗುವುದು ನಮ್ಮ ಮಾತಷ್ಟೇ ಅಲ್ಲ, ಒಬ್ಬ ಹುಡುಗಿಯ ಓದು.