ಹಳೆಯ ಪೀಠೋಪಕರಣಗಳ ಜೀರ್ಣೋದ್ಧಾರವೂ ಪರಿಗ್ರಹ ಪರಿಮಾಣವೂ

ಮುನಿಗಳು ಸಂಪೂರ್ಣವಾಗಿ ತೊರೆಯುವ, ಶ್ರಾವಕರು ಮಿತಿಗೊಳಿಸಿಕೊಳ್ಳುವ ಹತ್ತು ಬಾಹ್ಯ ಪರಿಗ್ರಹಗಳಲ್ಲಿ ಕ್ಷೇತ್ರ, ವಾಸ್ತು, ಧನ, ಧಾನ್ಯಗಳ ಜೊತೆಗೆ ಶಯನಾಸನಗಳನ್ನೂ ನಮ್ಮ ಆಚಾರ್ಯರು ಎಣಿಸಿದ್ದಾರೆ. ಆದುದರಿಂದ ಮನೆಯಲ್ಲಿರುವ ಹಳೆಯ ಮಂಚವನ್ನೋ ಕುರ್ಚಿಯನ್ನೋ ಏನು ಮಾಡಬೇಕೆಂಬುದು ಬರಿಯ ಮನೆವಾರ್ತೆಯ ವಿಚಾರವಲ್ಲ. ವ್ರತಕ್ಕೆ ಸಂಬಂಧಿಸಿದ ವಿಚಾರ.

ಬೆಂಗಳೂರಿನ ಉತ್ತರಕ್ಕೆ, ಯಲಹಂಕವನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಸಿಗುವ ಊರು ಹುಣಸಮಾರನಹಳ್ಳಿ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ರಸ್ತೆಯ ಇಕ್ಕೆಲಗಳಲ್ಲಿಯೂ ಬಹುಮಹಡಿ ಮನೆಗಳು ಎದ್ದಿವೆ. ಇಂಥ ಮನೆಗಳಿಗೆ ಬರುವ ಕುಟುಂಬಗಳು ಹಿರಿಯರ ಕಾಲದ ತೇಗದ ಮಂಚವನ್ನು ಗುಜರಿಗೆ ಹಾಕಿ, ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯ ಮಂಚವನ್ನು ಕೊಳ್ಳುವುದುಂಟು. ಆ ಹಲಗೆ ನೀರು ತಗುಲಿದರೆ ಉಬ್ಬುತ್ತದೆ. ಒಮ್ಮೆ ಸಡಿಲವಾದ ತಿರುಪು ಮತ್ತೆ ಹಿಡಿಯುವುದಿಲ್ಲ. ಕೆಲವೇ ವರ್ಷಗಳಲ್ಲಿ ಇನ್ನೊಂದನ್ನು ಕೊಳ್ಳಬೇಕಾಗುತ್ತದೆ. ಪ್ರಯೋಜನವಿಲ್ಲದೆ ವನಸ್ಪತಿಯನ್ನು ಕಡಿಯುವುದು, ಕಡಿಸುವುದು ಪ್ರಮಾದಚರ್ಯೆ. ಅದು ಅನರ್ಥದಂಡದ ಒಂದು ಭೇದ. ಗಟ್ಟಿಯಾದ ಮಂಚವಿರುವಾಗ ಹೊಸದಕ್ಕಾಗಿ ಮರ ಉರುಳುವುದನ್ನು ಬೇರಾವ ಹೆಸರಿನಿಂದ ಕರೆಯೋಣ?

ಹಾಗೆಂದು ಹಳೆಯದನ್ನು ಸರಿಪಡಿಸಿದ ಮಾತ್ರಕ್ಕೆ ವ್ರತಪಾಲನೆಯಾಯಿತೆಂದು ಭಾವಿಸಲಾಗದು. ಪರಿಗ್ರಹವೆಂದರೆ ಮೂರ್ಛೆ, ಅಂದರೆ ಮಮತ್ವವೆಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಉಜ್ಜಿ ಹೊಳಪೇರಿಸಿದ ಅಜ್ಜನ ಕುರ್ಚಿಯನ್ನು ಬಂದವರಿಗೆಲ್ಲ ತೋರಿಸಿ ಹಿಗ್ಗುವವನ ಮೂರ್ಛೆ, ಹೊಸ ಸೋಫಾ ಕೊಂಡವನ ಮೂರ್ಛೆಗಿಂತ ಕಡಿಮೆಯೇನಲ್ಲ. ಹಳೆಯದನ್ನು ಉಳಿಸಿಕೊಂಡು ಹೊಸದನ್ನೂ ತರುವವನ ವಿಷಯವನ್ನಂತೂ ಚರ್ಚಿಸಬೇಕಾಗಿಯೇ ಇಲ್ಲ.

ನಿಜವಾದ ತೊಡಕು ಮರದ ಒಳಗಿದೆ. ಹಳೆಯ ಮರದಲ್ಲಿ ಸಣ್ಣ ಸಣ್ಣ ತೂತುಗಳಿದ್ದು, ಅವುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಒಳಗೆ ಕೊರೆಹುಳುಗಳು ಜೀವಂತವಾಗಿವೆಯೆಂದೇ ತಿಳಿಯಬೇಕು. ತೇಗದ ಚೇಗನ್ನು ಅವು ಮುಟ್ಟುವುದು ವಿರಳ. ಚೇಗಿನ ಸುತ್ತಲಿನ ಬೆಳ್ಳನೆಯ ಮೆದು ಮರವೇ ಅವುಗಳ ಆಹಾರ. ಬಡಗಿಯು ಸೀಮೆಎಣ್ಣೆಯನ್ನೋ ವಿಷವನ್ನೋ ತೂತಿಗೆ ಬಿಟ್ಟು ಮೇಲೆ ಮೇಣ ಮೆತ್ತಲು ಹೇಳುತ್ತಾನೆ. ಇದು ಗೃಹಸ್ಥನಿಗೆ ಅನಿವಾರ್ಯವಾದ ಆರಂಭೀ ಹಿಂಸೆಯಲ್ಲವೆ ಎಂದು ಕೆಲವರು ವಾದಿಸಬಹುದು. ನನಗೆ ಹಾಗೆ ತೋರುವುದಿಲ್ಲ. ಗುಡಿಸುವಾಗ, ಅಡುಗೆ ಮಾಡುವಾಗ ಎಚ್ಚರವಿದ್ದೂ ಆಗುವ ಹಿಂಸೆ ಆರಂಭೀ. ತ್ರಸಜೀವಿ ಇಲ್ಲಿದೆ ಎಂದು ತಿಳಿದು, ಅದು ಸಾಯಲೆಂದೇ ವಿಷ ಹೊಯ್ಯುವುದು ಸಂಕಲ್ಪೀ. ಜೀವವಿರುವ ತೂತನ್ನು ಅಂಟಿನಿಂದ ಮುಚ್ಚುವುದೂ ಅದಕ್ಕಿಂತ ಬಹಳ ಭಿನ್ನವಲ್ಲ.

ಹಾಗಾದರೆ ಉಪಾಯವೇನು? ಸೋಸಿದ ಬಳಿಕ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಬಿಡುವ ಕ್ರಮ ನಮ್ಮ ಹಿರಿಯರದು. ಅದೇ ನ್ಯಾಯದಿಂದ, ಹುಳುವಿರುವ ತುಂಡನ್ನು ಬಿಡಿಸಿ, ಮನೆಯ ಮರಗೆಲಸದಿಂದ ದೂರ, ಮಳೆ ಬೀಳದ ನೆರಳಿನಲ್ಲಿ ಇಡಬೇಕು. ಕೆಳಗೆ ಕಪ್ಪು ಕಾಗದ ಹಾಸಿದರೆ ಹೊಸ ಪುಡಿ ಬಿತ್ತೋ ಇಲ್ಲವೋ ತಿಳಿಯುತ್ತದೆ. ಇದು ತಿಂಗಳುಗಳ, ಒಮ್ಮೊಮ್ಮೆ ವರ್ಷಗಳ ಕೆಲಸ. ಬಾಡಿಗೆಯ ಎರಡು ಕೋಣೆಗಳಲ್ಲಿ ಬಾಳುವವರಿಗೆ ಇದು ಕಷ್ಟವೆಂಬುದು ನಿಜ. ಆದರೆ ಸಂಗತಿಯನ್ನು ತಿಳಿಸದೆ ಅದನ್ನು ಬಡವರಿಗೆ ದಾನ ಮಾಡುವುದು ಇನ್ನೂ ಕೆಟ್ಟದ್ದು. ಕೊಲ್ಲುವ ಕೆಲಸವನ್ನು ಅವರ ತಲೆಗೆ ಕಟ್ಟಿದಂತಾಗುತ್ತದೆ.

ಹುಳುವಿಲ್ಲದ ಮರಕ್ಕೆ ಬಳಿಯುವ ವಸ್ತುವಿನಲ್ಲಿಯೂ ವಿವೇಕ ಬೇಕು. ಬಡಗಿಗಳು ಮೆಚ್ಚುವ ಫ್ರೆಂಚ್ ಪಾಲಿಷ್ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಚನ್ನಪಟ್ಟಣದ ಬೊಂಬೆಗಳ ಸಾಂಪ್ರದಾಯಿಕ ಹೊಳಪೂ ಅರಗಿನದೇ. ಅರಗು ಕೀಟಗಳ ಸ್ರಾವ. ಅದನ್ನು ಕೆರೆದು ತೆಗೆಯುವಾಗ ಅಸಂಖ್ಯ ಕೀಟಗಳು ನಾಶವಾಗುತ್ತವೆ. ಶ್ರಾವಕನಿಗೆ ಸಲ್ಲದ ಖರಕರ್ಮಗಳಲ್ಲಿ ಲಾಕ್ಷಾ ವಾಣಿಜ್ಯವೂ ಸೇರಿರುವುದು ಸುಮ್ಮನೆ ಅಲ್ಲ. ಜೇನುಮೇಣವೂ ಬೇಡ, ಮಧುತ್ಯಾಗ ನಮ್ಮ ಮೂಲಗುಣ. ವಜ್ರವೆಂಬ ಹಳೆಯ ಅಂಟು ಎಲುಬು-ತೊಗಲುಗಳನ್ನು ಕುದಿಸಿದ್ದು; ಅದರ ಬದಲು ಕೃತಕ ಬಿಳಿ ಅಂಟು ಸಾಕು.

ಮರಳುಕಾಗದದಿಂದ ಮರದ ಎಳೆಯ ದಿಕ್ಕಿಗೇ ಉಜ್ಜಿ, ಧೂಳೊರೆಸಿ, ಅಗಸೆ ಎಣ್ಣೆಯನ್ನು ತೆಳುವಾಗಿ ತೊಡೆದರೆ ಮರದ ಬಣ್ಣ ಮರಳುತ್ತದೆ. ಎಣ್ಣೆ ತಾಗಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಬೇಕು. ಜೋಲುಬಿದ್ದ ಬೆತ್ತದ ಹೆಣಿಗೆಯನ್ನು ಕೆಳಗಿನಿಂದ ಬಿಸಿನೀರಿನ ಬಟ್ಟೆಯಲ್ಲಿ ತೇವಗೊಳಿಸಿ ಒಣಗಲು ಬಿಟ್ಟರೆ ಮತ್ತೆ ಬಿಗಿಯುತ್ತದೆ. ಹಿತ್ತಾಳೆಯ ಹಿಡಿಗಳಿಗೆ ಹುಣಸೆಹಣ್ಣೇ ಸಾಕು. ಹೆಸರಿನಲ್ಲಿಯೇ ಹುಣಸೆಯಿರುವ ಊರಿನವರಿಗೆ ಇದನ್ನು ಹೇಳಬೇಕಾಗಿಲ್ಲ.

ಈ ಕೆಲಸವನ್ನು ಜೀವೋತ್ಪತ್ತಿ ಹೆಚ್ಚಾಗಿರುವ ಚಾತುರ್ಮಾಸದಲ್ಲಿ ಹಿಡಿಯದೆ, ಮಾಘ-ಫಾಲ್ಗುಣಗಳ ಒಣ ಹವೆಯಲ್ಲಿ ಮಾಡುವುದು ಲೇಸು. ಎಣ್ಣೆ ಸವರುವುದನ್ನು ಬೆಳಗ್ಗೆಯೇ ಮುಗಿಸಬೇಕು. ಸಂಜೆ ಸವರಿದರೆ ದೀಪಕ್ಕೆ ಬರುವ ಹುಳುಗಳು ಹಸಿ ಎಣ್ಣೆಗೆ ಅಂಟಿ ಸಾಯುತ್ತವೆ. ರಾತ್ರಿಭೋಜನ ತ್ಯಾಗಕ್ಕೆ ಹೇಳುವ ಕಾರಣಗಳಲ್ಲಿ ಒಂದು ಇಲ್ಲಿಯೂ ಅನ್ವಯಿಸುತ್ತದೆ. ಪೂರ್ತಿ ಒಣಗಿದ ಮೇಲೆಯೇ ಆ ಆಸನವನ್ನು ಉಪಯೋಗಿಸಬೇಕು. ಅಷ್ಟಮಿ, ಚತುರ್ದಶಿಯ ಪ್ರೋಷಧೋಪವಾಸದ ದಿನ ಅದರ ಮೇಲೆ ಕೂರುವ ಮುನ್ನ ನೋಡಿ, ಮೆದುಬಟ್ಟೆಯಿಂದ ಒರೆಸಿಯೇ ಕೂರಬೇಕು.