‘ಇಲ್ಲ’ ಎನ್ನುವ ಮೊದಲು

ಕೆಟ್ಟಿದ್ದ ವಸ್ತು ಮತ್ತೆ ನಡೆಯತೊಡಗಿದರೆ ಕನ್ನಡದಲ್ಲಿ ಅದನ್ನು ಎರಡು ರೀತಿಯಲ್ಲಿ ಹೇಳಬಹುದು. ‘ಸರಿಮಾಡಿದೆ’ ಅನ್ನಬಹುದು, ‘ಸರಿಹೋಯ್ತು’ ಅನ್ನಬಹುದು. ಮೊದಲನೆಯ ಮಾತು ಆಡುವವನಿಗೆ ತಾನು ಏನು ಮಾಡಿದೆ ಎಂಬುದು ಗೊತ್ತು. ಎರಡನೆಯದರಲ್ಲಿ ಮಾಡಿದವರು ಯಾರೂ ಇಲ್ಲ. ಮಳೆ ನಿಂತ ಹಾಗೆ, ಜ್ವರ ಬಿಟ್ಟ ಹಾಗೆ, ಆಯಿತು ಅಷ್ಟೇ. ಮಿಕ್ಸಿ, ಸ್ಕೂಟರ್, ಮೊಬೈಲ್ ಚಾರ್ಜರ್‌ಗಳ ವಿಷಯದಲ್ಲಿ ನಮ್ಮ ಬಾಯಿಂದ ಹೆಚ್ಚಾಗಿ ಬರುವುದು ಈ ಎರಡನೆಯ ಮಾತೇ. ನಾವೇ ಬಳಸುವ ವಸ್ತುವಾದರೆ ಅದರಿಂದ ದೊಡ್ಡ ನಷ್ಟವೇನೂ ಇಲ್ಲ. ಆದರೆ ಏಕೆ ಕೆಟ್ಟಿತ್ತು, ಏಕೆ ಸರಿಹೋಯಿತು ಎಂಬ ಎರಡೂ ಗೊತ್ತಿಲ್ಲದ ವಸ್ತುವನ್ನು ‘ಏನೂ ತೊಂದರೆ ಇಲ್ಲ, ಬಳಸಿ’ ಎಂದು ಇನ್ನೊಬ್ಬರ ಕೈಗೆ ಕೊಡಬಹುದೇ? ಕೊಡುವಾಗ ಹೇಳುವ ಆ ‘ಇಲ್ಲ’ಕ್ಕೆ ಆಧಾರ ಯಾವುದು?

ಹಾಸ್ಟೆಲ್ಲಿನ ಗೆಳೆಯನೊಬ್ಬ ಕಟ್ಟಿದ ಹೆಡ್‌ಫೋನ್ ಆಂಪ್ಲಿಫೈಯರ್ ಈ ಪ್ರಶ್ನೆಯನ್ನು ನನ್ನ ತಲೆಗೆ ಹಚ್ಚಿತು. ಅವನು ಭೌತವಿಜ್ಞಾನದವನು, ಆದರೂ ಸೋಲ್ಡರಿಂಗ್ ಐರನ್ ಹಿಡಿದದ್ದು ಅದೇ ಮೊದಲು. ಕಟ್ಟಿದ್ದು ತನಗೆಂದಲ್ಲ. ನಮ್ಮ ಜೊತೆಯ ಸಂಶೋಧಕಿಯೊಬ್ಬರು ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿ ತಂದ ಹಾಡುಗಳನ್ನು ದಿನಕ್ಕೆ ಐದಾರು ಗಂಟೆ ಕೇಳಿ ಬರಹಕ್ಕೆ ಇಳಿಸುತ್ತಿದ್ದರು. ಅವರ ಬಳಿ ಇದ್ದದ್ದು ಯಾರೋ ಕೊಟ್ಟ 300 ಓಮ್‌ನ ಹಳೆಯ ಹೆಡ್‌ಫೋನ್. ಅಂಥದ್ದಕ್ಕೆ ಲ್ಯಾಪ್‌ಟಾಪ್ ಕೊಡುವ ವೋಲ್ಟೇಜ್ ಸಾಲುವುದಿಲ್ಲ, ದನಿ ಕ್ಷೀಣವಾಗುತ್ತದೆ. ಹಲ್ಲಿಲ್ಲದ ಅಜ್ಜಿಯೊಬ್ಬರು ಹಾಡುತ್ತ ಅರ್ಧ ನುಂಗಿದ ಅಕ್ಷರವನ್ನು ಹಿಡಿಯಬೇಕಾದವರಿಗೆ ಇದು ಸಣ್ಣ ಕಷ್ಟವಲ್ಲ.

ಗೆಳೆಯ ಆರಿಸಿಕೊಂಡದ್ದು ‘ಸಿಮೊಯ್’ ಎಂದು ಹೆಸರಾದ ವಿನ್ಯಾಸ. 1990ರ ದಶಕದ ಕೊನೆಯಲ್ಲಿ ಚು ಮೊಯ್ ಎಂಬವರು ಪ್ರಕಟಿಸಿದ್ದು. ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಕೂರುವಷ್ಟು ಚಿಕ್ಕದು. ಬೇರೆ ಬೇರೆ ದೇಶಗಳ ಎಷ್ಟೋ ಹವ್ಯಾಸಿಗಳು ಮೊದಲು ಕಟ್ಟುವ ಆಂಪ್ಲಿಫೈಯರ್ ಇದೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಅಲೆದರೆ ಇದಕ್ಕೆ ಬೇಕಾದ ಬಿಡಿಭಾಗಗಳು ಸಿಗುತ್ತವೆ. ಎರಡು 9 ವೋಲ್ಟ್ ಬ್ಯಾಟರಿ. ಅವು ಒಂದಕ್ಕೊಂದು ಕೂಡುವ ಬಿಂದುವೇ ಗ್ರೌಂಡ್, ಅಂದರೆ ಸೊನ್ನೆ. ಎರಡು ಕಿವಿಗೂ ಸೇರಿ ಒಂದು ಚಿಪ್, ಒಪಿಎ2134. ಪ್ರತಿ ಚಾನೆಲ್ಲಿನಲ್ಲೂ ಸಂಗೀತ ಒಳಬರುವ ದಾರಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದನ್ನು ದಾಟಿದ ಕೂಡಲೇ ಗ್ರೌಂಡಿಗೆ ಇಳಿಯುವ 100 ಕಿಲೋಓಮ್ ರೆಸಿಸ್ಟರ್, ಆಮೇಲೆ ಚಿಪ್, ಅದು 11 ಪಟ್ಟು ಹಿಗ್ಗಿಸುವಂತೆ ಮಾಡುವ ಇನ್ನೆರಡು ರೆಸಿಸ್ಟರ್. ಚಿಪ್ಪಿಗೂ ಹೆಡ್‌ಫೋನಿಗೂ ನಡುವೆ ಕಾವಲು ಯಾವುದೂ ಇಲ್ಲ. ಚಿಪ್ ಏನು ಕೊಟ್ಟರೂ ಅದು ನೇರವಾಗಿ ಹೆಡ್‌ಫೋನಿನ ತಂತಿ ಸುರುಳಿಗೆ ಹೋಗುತ್ತದೆ.

ಕಟ್ಟಿದ ಆಂಪ್ಲಿಫೈಯರ್ ಹಾಡಿತು. ಆದರೆ ಸಂಜೆ ಶುರುಮಾಡಿದರೆ ರಾತ್ರಿ ಊಟದ ಹೊತ್ತಿಗೆ ಬಲಗಿವಿಯ ದನಿ ಒಡೆಯುತ್ತಿತ್ತು. ಗೆಳೆಯ ಮೊದಲು ಎಡ ಬಲದ ಇನ್‌ಪುಟ್ ವೈರುಗಳನ್ನು ಅದಲುಬದಲು ಮಾಡಿದ. ದೋಷ ಎಡಗಿವಿಗೆ ಹಾರಿದರೆ ಅದು ಲ್ಯಾಪ್‌ಟಾಪಿನ ಕಡೆಯದು. ಬಲಗಿವಿಯಲ್ಲೇ ಉಳಿದರೆ ಇತ್ತ ಕಡೆಯದು. ಉಳಿಯಿತು. ಬೇರೆ ಇಯರ್‌ಫೋನ್ ಸಿಕ್ಕಿಸಿದ, ಆಗಲೂ ಬಲಗಿವಿಯೇ. ಹೆಡ್‌ಫೋನ್ ನಿರಪರಾಧಿ ಎಂದಾಯಿತು. ನ್ಯಾಯಶಾಸ್ತ್ರ ಓದಿದವರಿಗೆ ಈ ನಡೆ ಪರಿಚಿತ: ಇದಿದ್ದರೆ ಅದಿದೆ, ಇದಿಲ್ಲದಿದ್ದರೆ ಅದಿಲ್ಲ ಎಂದು ನೋಡುವ ಅನ್ವಯ–ವ್ಯತಿರೇಕ. ಆಮೇಲೆ ಅವನು ಸಾಕೆಟ್ಟಿನಲ್ಲಿದ್ದ ಚಿಪ್ ಕಿತ್ತು ಹೊಸದನ್ನು ಕೂರಿಸಿದ. ಐದು ನಿಮಿಷ ಹಾಡು ಕೇಳಿದ. ಎರಡೂ ಕಿವಿ ನಿಚ್ಚಳ. ‘ಸರಿಹೋಯ್ತು ಕಣೋ. ಚಿಪ್ಪೇ ಕೆಟ್ಟಿತ್ತು. ನಾಳೆ ಅವರಿಗೆ ಕೊಟ್ಟುಬಿಡೋಣ’ ಅಂದ.

ಮೇಲುನೋಟಕ್ಕೆ ಇದೂ ಅನ್ವಯ–ವ್ಯತಿರೇಕವೇ. ಹಳೆಯ ಚಿಪ್ ಇದ್ದಾಗ ದೋಷವಿತ್ತು, ತೆಗೆದಾಗ ಹೋಯಿತು. ಆದರೆ ಈ ತರ್ಕ ನಿಲ್ಲಬೇಕಾದರೆ ಎರಡು ಸ್ಥಿತಿಗಳ ನಡುವೆ ಬದಲಾದದ್ದು ಒಂದೇ ಒಂದು ಸಂಗತಿಯಾಗಿರಬೇಕು. ಇಲ್ಲಿ ಹೊತ್ತೂ ಬದಲಾಗಿತ್ತು: ದೋಷ ಬರುತ್ತಿದ್ದದ್ದು ಮೂರು ನಾಲ್ಕು ಗಂಟೆಯಾದ ಮೇಲೆ, ಪರೀಕ್ಷೆ ನಡೆದದ್ದು ಐದು ನಿಮಿಷ. ಫ್ರಾನ್ಸಿನ ಭೌತವಿಜ್ಞಾನಿ, ತತ್ತ್ವಜ್ಞ ಪಿಯೆರ್ ದ್ಯುಯೆಮ್ 1906ರಲ್ಲಿ ಬಂದ ತನ್ನ ಪುಸ್ತಕದಲ್ಲಿ ವಿಜ್ಞಾನಿಯನ್ನು ಗಡಿಯಾರ ರಿಪೇರಿಯವನಿಗಿಂತ ವೈದ್ಯನಿಗೆ ಹೋಲಿಸುತ್ತಾನೆ. ಗಡಿಯಾರದವನು ಚಕ್ರಗಳನ್ನು ಒಂದೊಂದಾಗಿ ಬಿಚ್ಚಿ ಕೆಟ್ಟದ್ದನ್ನು ಕಾಣಬಲ್ಲ. ವೈದ್ಯ ರೋಗಿಯನ್ನು ಬಿಚ್ಚಿಡುವಂತಿಲ್ಲ, ಇಡೀ ದೇಹ ತೋರುವ ಲಕ್ಷಣದಿಂದಲೇ ಊಹಿಸಬೇಕು. ಆಂಪ್ಲಿಫೈಯರ್ ಕಣ್ಣಿಗೆ ಗಡಿಯಾರದ ಹಾಗೆ ಕಾಣುತ್ತದೆ, ಭಾಗಗಳನ್ನು ಕಿತ್ತು ಹಾಕಬಹುದು. ಕರೆಂಟ್ ಹರಿಯತೊಡಗಿದ ಮೇಲೆ ಮಾತ್ರ ಅದು ರೋಗಿ. ಒಂದು ಭಾಗದ ಕಾಯಿಲೆ ಇನ್ನೊಂದರ ಬಾಯಲ್ಲಿ ಕೆಮ್ಮುತ್ತದೆ.

ಇಲ್ಲಿ ನನಗೆ ನೆರವಾದದ್ದು ಮೀಮಾಂಸಕರು. ಕುಮಾರಿಲ ಭಟ್ಟನ ಪರಂಪರೆ ಪ್ರತ್ಯಕ್ಷ, ಅನುಮಾನಗಳ ಜೊತೆಗೆ ‘ಅನುಪಲಬ್ಧಿ’ಯನ್ನೂ ಒಂದು ಪ್ರಮಾಣವೆಂದು ಒಪ್ಪುತ್ತದೆ. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ನಮಗೆ ತಿಳಿಯುವುದು ಹೇಗೆ? ಗಡಿಗೆ ಕಾಣದಿರುವುದರಿಂದ. ನೈಯಾಯಿಕರು ಇದನ್ನು ಬೇರೆ ಪ್ರಮಾಣವೆಂದು ಒಪ್ಪುವುದಿಲ್ಲ, ಆ ಜಗಳ ದೊಡ್ಡದು. ನಮಗೆ ಬೇಕಾದದ್ದು ಈ ಚರ್ಚೆಯಲ್ಲಿ ಬರುವ ಒಂದು ಷರತ್ತು. ಕಾಣದಿದ್ದ ಮಾತ್ರಕ್ಕೆ ಇಲ್ಲ ಎನ್ನಲಾಗದು. ಇದ್ದಿದ್ದರೆ ಖಂಡಿತ ಕಾಣುತ್ತಿತ್ತು ಎಂಬಂಥ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ‘ಇಲ್ಲ’ ಎನ್ನಬಹುದು. ಅದಕ್ಕೇ ‘ಯೋಗ್ಯ’ ಅನುಪಲಬ್ಧಿ ಎಂಬ ವಿಶೇಷಣ. ಹಗಲು ಬೆಳಕಿನಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನೂ ಹೇಳಲಾಗದು. ಪಿಶಾಚಿಯಂತೂ ಕಣ್ಣಿಗೆ ಬೀಳುವ ಪದಾರ್ಥವೇ ಅಲ್ಲವಾದ್ದರಿಂದ, ಅದು ಕಾಣಲಿಲ್ಲ ಎಂಬುದು ಯಾವ ಬೆಳಕಿನಲ್ಲೂ ಅದರ ಅಭಾವಕ್ಕೆ ಸಾಕ್ಷಿಯಾಗದು.

ಗೆಳೆಯನ ಐದು ನಿಮಿಷ ಕತ್ತಲ ಕೋಣೆ. ಅವನ ಕಿವಿಯ ಕಥೆ ಇನ್ನೂ ಆಚೆಯದು. ನಮ್ಮ ಕಿವಿ ಕಂಪನವನ್ನು ಕೇಳುತ್ತದೆ. ಅಲುಗಾಡದೆ ನಿಂತ ಡಿಸಿ ವೋಲ್ಟೇಜಿಗೆ ಅದು ಪೂರ್ತಿ ಕಿವುಡು. ಮೂರು ವೋಲ್ಟ್ ಡಿಸಿ ಹೆಡ್‌ಫೋನಿನ ಸುರುಳಿಯಲ್ಲಿ ಕೂತಿದ್ದರೂ ಕೇಳುವವನಿಗೆ ಅದು ಮೌನವೇ. ಕಿವಿಯ ಪಾಲಿಗೆ ಡಿಸಿ ಒಂದು ಪಿಶಾಚಿ.

ಬಲ ಚಾನೆಲ್ಲಿನ ಔಟ್‌ಪುಟ್‌ನಲ್ಲಿ ಮಲ್ಟಿಮೀಟರ್ ಇಟ್ಟು ಕೂತೆವು. ಮೊದಲಿಗೆ 4 ಮಿಲಿವೋಲ್ಟ್, ಆತಂಕಪಡುವಂಥದ್ದೇನಲ್ಲ. ಒಂದು ನಿಮಿಷಕ್ಕೆ ಮೂವತ್ತು ದಾಟಿತು. ಹತ್ತು ನಿಮಿಷಕ್ಕೆ ಮುನ್ನೂರು ದಾಟಿತು. ಎಡ ಚಾನೆಲ್ ಮಾತ್ರ ಇದ್ದಲ್ಲೇ ಇತ್ತು. ಹೊಸ ಚಿಪ್ ಹಾಕಿದ ಮೇಲೂ ರೋಗ ತನ್ನ ಪಾಡಿಗೆ ಬೆಳೆಯುತ್ತಿತ್ತು. ಮೂಲ ಹುಡುಕಲು ಮೀಟರಿನ ಕಡ್ಡಿಯನ್ನು ಚಿಪ್ಪಿನ ಇನ್‌ಪುಟ್ ಕಾಲಿಗೆ ಮುಟ್ಟಿಸಿದರೆ ಅಲ್ಲಿ ಸೊನ್ನೆಯ ಆಸುಪಾಸು! ಕಡ್ಡಿ ತೆಗೆದು ಮತ್ತೆ ಔಟ್‌ಪುಟ್ ನೋಡಿದರೆ ಅಲ್ಲೂ ದೋಷ ಮಾಯ, ಕೆಲವು ನಿಮಿಷಗಳಲ್ಲಿ ಮತ್ತೆ ಏರಿಕೆ.

ಈ ಮಾಯವಾಗುವಿಕೆಯೇ ಕೊನೆಗೆ ಬಾಯಿ ಬಿಟ್ಟಿತು. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ತಾನೇ ಸುಮಾರು 10 ಮೆಗಾಓಮ್‌ನ ಒಂದು ರೆಸಿಸ್ಟರ್ ಇದ್ದಂತೆ. ಅದು ಮುಟ್ಟಿದಾಗ ದೋಷ ಹೋಗುತ್ತದೆ ಎಂದರೆ ಅಲ್ಲಿ ಗ್ರೌಂಡಿಗೆ ಹೋಗುವ ದಾರಿಯೇ ಇಲ್ಲದಿರಬೇಕು. ಬ್ಯಾಟರಿ ಕಿತ್ತು ಅಳೆದೆವು: 100 ಕಿಲೋಓಮ್ ತೋರಬೇಕಾದ ಕಡೆ ಮೀಟರ್ ಏನನ್ನೂ ತೋರಲಿಲ್ಲ. ರೆಸಿಸ್ಟರಿನ ಒಂದು ಕಾಲಿನ ಸುತ್ತ ಕೂದಲೆಳೆಯಷ್ಟು ಬಿರುಕು, ರಿಪೇರಿ ಅಂಗಡಿಯವರು ‘ಡ್ರೈ ಸೋಲ್ಡರ್’ ಅನ್ನುತ್ತಾರಲ್ಲ, ಅದು. ಚಿಪ್ಪಿನ ಇನ್‌ಪುಟ್‌ನಲ್ಲಿ ಹರಿಯುವ ಕರೆಂಟ್ ಸಾಮಾನ್ಯವಾಗಿ 5 ಪಿಕೋಆಂಪಿಯರ್. ಒಂದು ಆಂಪಿಯರನ್ನು ಲಕ್ಷ ಕೋಟಿ ಭಾಗ ಮಾಡಿ ಐದು ಭಾಗ ತೆಗೆದುಕೊಂಡಷ್ಟು. ಅದಕ್ಕೆ ಇಳಿದುಹೋಗಲು ದಾರಿ ಇಲ್ಲದೆ ಕೆಪಾಸಿಟರಿನಲ್ಲಿ ಹನಿ ಹನಿಯಾಗಿ ತುಂಬುತ್ತಿತ್ತು, ಚಿಪ್ ಅದನ್ನು 11 ಪಟ್ಟು ಹಿಗ್ಗಿಸುತ್ತಿತ್ತು. ಕಾಗದದ ಮೇಲೆ ಲೆಕ್ಕ ಹಾಕಿದರೆ ನಿಮಿಷಕ್ಕೆ 33 ಮಿಲಿವೋಲ್ಟ್ ಬರುತ್ತದೆ. ಮೀಟರ್ ತೋರಿದ್ದೂ ಹೆಚ್ಚುಕಡಿಮೆ ಅಷ್ಟೇ. ಸಂಗೀತ ಮಾತ್ರ ಕೆಪಾಸಿಟರನ್ನು ಸಲೀಸಾಗಿ ದಾಟಿ ಬರುತ್ತಿದ್ದರಿಂದ ಕೇಳುವವರಿಗೆ ಗಂಟೆಗಟ್ಟಲೆ ಸುಳಿವೇ ಇರಲಿಲ್ಲ. ಚಿಪ್ ಬದಲಿಸಿದಾಗ ‘ಸರಿಹೋದದ್ದು’, ಕೀಳುವಾಗ ತಗುಲಿದ ಬೆರಳು ಆ ಕೆಪಾಸಿಟರನ್ನು ಖಾಲಿ ಮಾಡಿದ್ದರಿಂದಲೇ ಇರಬೇಕು. ಕಾಲನ್ನು ಮತ್ತೆ ಬೆಸೆದ ಮೇಲೆ ಐದು ಗಂಟೆ ಬಿಟ್ಟು ನೋಡಿದರೂ ವೋಲ್ಟೇಜ್ ಕದಲಲಿಲ್ಲ. ಹಳೆಯ ಚಿಪ್ಪನ್ನೇ ಮರಳಿ ಕೂರಿಸಿದರೂ ಹಾಗೆಯೇ.

ಮರುದಿನವೇ ಕೊಟ್ಟಿದ್ದರೆ ಏನಾಗುತ್ತಿತ್ತು? ಕೆಲವು ಗಂಟೆಗಳಲ್ಲಿ ಹಲವು ವೋಲ್ಟ್ ಡಿಸಿ ಸೇರಿ ಹೆಡ್‌ಫೋನಿನ ಪರದೆ ಒಂದು ಪಕ್ಕಕ್ಕೆ ನೂಕಿಸಿಕೊಂಡು ನಿಲ್ಲುತ್ತಿತ್ತು, ಸುರುಳಿ ಬಿಸಿಯಾಗುತ್ತಿತ್ತು. ಅವರ ಬಳಿ ಇದ್ದದ್ದು ಅದೊಂದೇ ಹೆಡ್‌ಫೋನ್. ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಒಡೆದ ದನಿಯಲ್ಲಿ ‘ತ’ ‘ದ’ವಾಗಿ ಕೇಳಿ, ಬರಹಕ್ಕೆ ಇಳಿದು, ಅಲ್ಲಿಂದ ಪ್ರಬಂಧದ ಪುಟಕ್ಕೆ ಹೋಗಿ, ಆ ಅಜ್ಜಿಯ ಊರಿನ ಮಾತು ಹೀಗೆ ಎಂಬ ಪ್ರಮಾಣವಾಗಿ ನಿಲ್ಲಬಹುದಿತ್ತು. ಅದರ ಮೂಲ ಒಂದು ರೆಸಿಸ್ಟರಿನ ಕಾಲು ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪಣೆ ಇದೆ. ಕಾರಣ ತಿಳಿದ ಮೇಲೆಯೇ ಕೊಡಬೇಕು ಎಂದು ಹೊರಟರೆ ಲೋಕ ನಡೆಯುವುದೇ? ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಅದು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಜಾನ್ ವೇನ್ ತೋರಿಸಿಕೊಟ್ಟದ್ದು 1971ರಲ್ಲಿ. ನಡುವಿನ ಎಪ್ಪತ್ತು ವರ್ಷ ಅದನ್ನು ಕೊಟ್ಟ ವೈದ್ಯರೆಲ್ಲ ತಪ್ಪಿತಸ್ಥರೇ? ಅಲ್ಲ. ಕಾರಣ ಗೊತ್ತಿಲ್ಲದಿದ್ದರೂ ಅವರ ಬೆನ್ನಿಗೆ ಲೆಕ್ಕವಿಲ್ಲದಷ್ಟು ರೋಗಿಗಳನ್ನು ದಿನಗಟ್ಟಲೆ ನೋಡಿದ ಅನುಭವವಿತ್ತು. ಹಾಗಾಗಿ ‘ಎಲ್ಲವನ್ನೂ ಅರಿತು ಕೊಡು’ ಎಂಬುದು ನ್ಯಾಯವಾದ ಬೇಡಿಕೆಯಲ್ಲ. ಕೇಳಬಹುದಾದದ್ದು ಇನ್ನೂ ಸಣ್ಣದು: ನೀನು ನೋಡಿದ ರೀತಿ, ದೋಷ ಇದ್ದಿದ್ದರೆ ಅದನ್ನು ಕಾಣಿಸುವಂಥದ್ದೇ? ಹಾಗಿರದಿದ್ದರೆ ಅದನ್ನು ನನಗೆ ಹೇಳಿದೆಯಾ?

ನೈಯಾಯಿಕರ ‘ಆಪ್ತ’ನ ಕಲ್ಪನೆಯಲ್ಲಿ ಇವೆರಡೂ ಇವೆ. ವಿಷಯವನ್ನು ನೇರವಾಗಿ ಬಲ್ಲವನು, ಬಲ್ಲ ಹಾಗೆಯೇ ಹೇಳಬಯಸುವವನು ಆಪ್ತ. ಅವನ ಮಾತು ಪ್ರಮಾಣ. ಗೆಳೆಯನಿಗೆ ಒಳ್ಳೆಯ ಮನಸ್ಸು ಬೇಕಾದಷ್ಟಿತ್ತು. ಆದರೆ ಒಳ್ಳೆಯ ಮನಸ್ಸಿನಿಂದ ಹೇಳಿದ ‘ತೊಂದರೆ ಇಲ್ಲ’ ಕೇಳುವವರ ಎಚ್ಚರವನ್ನೂ ತೆಗೆದುಬಿಡುತ್ತದೆ. ‘ಐದು ನಿಮಿಷ ಕೇಳಿದೆ, ತೊಂದರೆ ಕಾಣಲಿಲ್ಲ’ ಎಂದಿದ್ದರೆ ಅವರು ಮೂರನೆಯ ಗಂಟೆಯಲ್ಲಿ ಕಿವಿಗೊಟ್ಟಿರುತ್ತಿದ್ದರು. ‘ಇಲ್ಲ’ಕ್ಕೂ ‘ಕಾಣಲಿಲ್ಲ’ಕ್ಕೂ ನಡುವೆ ಇರುವ ‘ಕಾಣು’ ಎಂಬ ಧಾತುವಿನಲ್ಲಿ ನೋಡಿದವನು ಇದ್ದಾನೆ, ಅವನ ಹೊತ್ತು, ಸಲಕರಣೆ, ಮಿತಿ ಇವೆ. ಅದನ್ನು ನುಂಗಿಬಿಟ್ಟರೆ ನಮ್ಮ ಮಿತಿ ಜಗತ್ತಿನ ಗುಣವಾಗಿಬಿಡುತ್ತದೆ.

ಸಾಹಿತ್ಯ ಓದುವ ನಮಗೆ ಈ ನುಂಗುವಿಕೆ ಹೊಸದಲ್ಲ. ‘ಆ ಕಾಲದಲ್ಲಿ ಇಂಥ ಬರಹ ಇರಲಿಲ್ಲ’ ಎಂಬ ವಾಕ್ಯವನ್ನು ಸೆಮಿನಾರುಗಳಲ್ಲಿ ಎಷ್ಟು ಸಲೀಸಾಗಿ ಹೇಳುತ್ತೇವೆ! ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತನಗಿಂತ ಹಿಂದಿನ ನಾಗಾರ್ಜುನ, ಜಯಬಂಧು, ದುರ್ವಿನೀತರ ಹೆಸರು ಹೇಳುತ್ತದೆ. ಅವರ ಕನ್ನಡ ಕೃತಿಗಳು ನಮಗೆ ಸಿಕ್ಕಿಲ್ಲ. ಆ ಒಂದು ಗ್ರಂಥವೂ ಗೆದ್ದಲ ಪಾಲಾಗಿದ್ದರೆ ನಾವು ‘ಸಿಕ್ಕಿಲ್ಲ’ ಅನ್ನುತ್ತಿರಲಿಲ್ಲ, ಧೈರ್ಯವಾಗಿ ‘ಇರಲಿಲ್ಲ’ ಅನ್ನುತ್ತಿದ್ದೆವು. ತಾಳೆಗರಿ ಉಳಿಯದ ಕಡೆ, ಬರೆಯಲು ಬಾರದವರು ಹಾಡಿಕೊಂಡ ಕಡೆ ನಮ್ಮ ಹುಡುಕಾಟವೂ ಡಿಸಿಗೆ ಕಿವಿಗೊಟ್ಟ ಹಾಗೆಯೇ.

‘ಇಲ್ಲ’ ಎನ್ನಲೇಬಾರದು ಎಂದೇನೂ ಅಲ್ಲ. ಹಗಲಲ್ಲಿ, ಬರಿ ನೆಲದ ಮೇಲೆ, ಗಡಿಗೆ ಇಲ್ಲ ಎಂದು ಹೇಳಲು ಹೆದರುವವನು ವಿನಯವಂತನಲ್ಲ, ಹೊಣೆಗೇಡಿ. ಅನುಮಾನದ ಹೆಸರಿನಲ್ಲಿ ಯಾರಿಗೂ ಏನನ್ನೂ ಕೊಡದೆ ಕೂರುವುದು ಸುಲಭದ ದಾರಿ. ಇದ್ದಿದ್ದರೆ ಕಾಣುವಂತೆ ದೀಪ ಹಚ್ಚುವುದು, ಹಚ್ಚಿ ನೋಡಿದ ಮೇಲೆ ‘ಇಲ್ಲ’ ಎಂದು ಗಟ್ಟಿಯಾಗಿ ಹೇಳುವುದು, ಹಚ್ಚಲಾಗದಿದ್ದರೆ ‘ಕತ್ತಲಿತ್ತು’ ಎಂದು ಹೇಳಿ ಕೊಡುವುದು, ಇಷ್ಟು ನಮ್ಮ ಕೈಲಾಗುವ ಕೆಲಸ. ತೆಗೆದುಕೊಳ್ಳುವವರು ಮುಂದಿನದನ್ನು ತಾವೇ ನಿರ್ಧರಿಸಲಿ. ಆ ಹಕ್ಕು ಅವರದು.